ಎಲ್ಲಿಂದ ಬಂತು ಎಂದು ಕೇಳುವ ಗಿರಾಕಿಯ ಪರವಾಗಿ

ಆನ್‌ಲೈನ್‌ನಲ್ಲಿ ಅಂಗಡಿ ಕೂಪನ್, ಗಿಫ್ಟ್ ವೋಚರ್ ಮಾರುವವರ ನಡುವೆ ಒಂದು ಮಾತು ಗಟ್ಟಿಯಾಗಿ ಬೇರೂರಿದೆ: ಜಾಸ್ತಿ ಪ್ರಶ್ನೆ ಕೇಳುವವರು ಕೊಳ್ಳುವವರಲ್ಲ. ಹೊಸದಾಗಿ ಮಾರಲು ಬಂದವರಿಗೆ ಹಳಬರು ಕಲಿಸುವ ಮೊದಲ ಪಾಠವೂ ಇದೇ. ಬೆಲೆ ಹಾಕಿ, ಕೊನೆ ದಿನಾಂಕ ಹಾಕಿ, ಎಲ್ಲಿಂದ ಬಂತು, ಯಾಕೆ ಮಾರ್ತಿದೀರಿ ಅಂತ ಶುರುವಿಟ್ಟುಕೊಂಡರೆ ಬ್ಲಾಕ್ ಮಾಡಿ. ನಯ ನಾಜೂಕಿನವರು ಇದನ್ನೇ ಸ್ವಲ್ಪ ಮೆದುವಾಗಿ ಹೇಳುತ್ತಾರೆ: "ಕೋಡ್ ನಡೆಯುತ್ತೆ ಸರ್, ಅಷ್ಟು ಸಾಕಲ್ವಾ?" ಅಂದು ಮಾತು ತಿರುಗಿಸಿ. ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ. ಮಾಲು ನನ್ನದು, ದುಡ್ಡು ನಿನ್ನದು, ಮಾಲಿನ ಹುಟ್ಟುಮೂಲದ ಉಸಾಬರಿ ನಿನಗೇಕೆ?

ಬೇರೆ ಎಷ್ಟೋ ವಸ್ತುಗಳ ಮಟ್ಟಿಗೆ ಈ ಮಾತು ನಡೆದೀತು. ಕೂಪನ್ನಿನ ಮಟ್ಟಿಗೆ ಇದು ಪೂರ್ತಿ ತಪ್ಪು, ಅಷ್ಟೇ ಅಪಾಯಕಾರಿ ಕೂಡ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಳ್ಳುವವರು ಅದು ಯಾರ ಮನೆಯ ಕಪಾಟಿನಿಂದ ಬಂತೆಂದು ಕೇಳಬೇಕಾಗಿಲ್ಲ. ಪುಟ ತಿರುವಿ, ಹೊಲಿಗೆ ಎಳೆದು ನೋಡಿ, ನಡುವಿನ ಹಾಳೆ ಹರಿದಿದ್ದರೆ ಇಪ್ಪತ್ತು ರೂಪಾಯಿ ಇಳಿಸಿ ಕೊಂಡು ಹೋಗುತ್ತಾರೆ. ವೋಚರಿನಲ್ಲಿ ತಿರುವಿ ನೋಡಲು ಪುಟವಿಲ್ಲ. ಇರುವುದು ಒಂದು ಸಾಲಿನ ಅಕ್ಷರ, ಅಂಕಿ. ಆ ಸಾಲನ್ನು ಹಣ ಕೊಡುವ ಮೊದಲೇ ತೋರಿಸಿದರೆ ಮಾರುವವರ ಕೈ ಬರಿದು, ತೋರಿಸದಿದ್ದರೆ ಕೊಳ್ಳುವವರಿಗೆ ಪರೀಕ್ಷಿಸಲು ಏನೂ ಇಲ್ಲ. ಹೀಗಿರುವಾಗ ಅದು ಯಾರಿಂದ, ಯಾವಾಗ, ಯಾವ ಕಾರಣಕ್ಕೆ ನಿಮಗೆ ಬಂತು ಎಂಬ ವಿವರ ಬಿಟ್ಟರೆ ಕೊಳ್ಳುವವರು ಹಿಡಿದು ನೋಡುವಂಥದ್ದು ಬೇರೆ ಏನಿದೆ?

"ಯಾಕೆ ಮಾರ್ತಿದೀರಿ?" ಎಂಬ, ಮಾರುವವರಿಗೆ ಅತಿ ಹೆಚ್ಚು ಕಿರಿಕಿರಿ ಮಾಡುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕೇಳಲು ಇದು ಅಧಿಕಪ್ರಸಂಗದಂತಿದೆ. ಆದರೆ ಪೇಮೆಂಟ್ ಆ್ಯಪಿನ ಸ್ಕ್ರ್ಯಾಚ್ ಕಾರ್ಡಿನಲ್ಲಿ ಬಂದ ಕೋಡುಗಳನ್ನು ನೋಡಿ. ಮೇಲೆ ದಪ್ಪಕ್ಷರದಲ್ಲಿ 500 ರೂಪಾಯಿ ರಿಯಾಯಿತಿ. ಬೆರಳಿನಿಂದ ಕೆಳಕ್ಕೆ ಸರಿಸುತ್ತಾ ಹೋದರೆ ಬೂದು ಬಣ್ಣದ ಸಣ್ಣಕ್ಷರದಲ್ಲಿ ಷರತ್ತುಗಳು: ಹೊಸ ಗ್ರಾಹಕರಿಗೆ ಮಾತ್ರ, ಇಂತಿಷ್ಟು ಮೊತ್ತದ ಖರೀದಿಗೆ ಮಾತ್ರ, ಒಂದು ಖಾತೆಗೆ ಒಂದೇ ಸಲ, ಆಯ್ದ ವಸ್ತುಗಳಿಗೆ ಮಾತ್ರ. ಇಂಥ ಕೋಡು ಮಾರಾಟಕ್ಕೆ ಬರುವುದೇ ಬಹುಪಾಲು ಆ ಷರತ್ತು ಮಾರುವವರಿಗೆ ಹೊಂದದ ಕಾರಣಕ್ಕೆ. "ನನಗೆ ಅಲ್ಲಿ ಆಗಲೇ ಖಾತೆ ಇದೆ, ಅದಕ್ಕೇ ನಡೆಯಲ್ಲ" ಎಂದು ಒಂದು ಸಾಲು ಬರೆದರೆ ಸಾಕು, ತನಗೂ ಅಲ್ಲಿ ಖಾತೆ ಇರುವವರು ದುಡ್ಡು ಉಳಿಸಿಕೊಂಡು ಹೋಗುತ್ತಾರೆ. ಅದೇ ಸಾಲನ್ನು ಬಚ್ಚಿಟ್ಟು ಮಾರಿದರೆ ಕೋಡು ಅಸಲಿಯೇ ಆಗಿದ್ದರೂ ಆದದ್ದು ಮೋಸವೇ. ಕುತೂಹಲದ ಪ್ರಶ್ನೆ ಎಂದು ತಳ್ಳಿಹಾಕಿದ್ದರಲ್ಲೇ ಮಾಲಿನ ದೋಷ ಅಡಗಿತ್ತು.

ಈ ವ್ಯಾಪಾರಕ್ಕೆ ದೊಡ್ಡ ಇತಿಹಾಸ ಇರುವುದು ಅಮೆರಿಕದಲ್ಲಿ. 1887ರ ಸುಮಾರಿಗೆ ಅಟ್ಲಾಂಟಾದಲ್ಲಿ ಕೋಕಾ-ಕೋಲಾ ಒಂದು ಲೋಟ ಪಾನೀಯಕ್ಕೆ ಪುಕ್ಕಟೆ ಚೀಟಿ ಹಂಚಿದ ಮೇಲೆ ಅಲ್ಲಿ ಕೂಪನ್ ಮನೆಮಾತಾಯಿತು. ಭಾನುವಾರದ ಪತ್ರಿಕೆಯೊಳಗಿನ ಕೂಪನ್ ಹಾಳೆಗಳನ್ನು ಕತ್ತರಿಸಿ, ಕಟ್ಟು ಕಟ್ಟಿ, ಈಬೇಯಲ್ಲಿ ಮಾರುವವರು ಹುಟ್ಟಿಕೊಂಡರು. ಆ ಕೂಪನ್‌ಗಳ ಮೇಲೆ, ಮಾರಿದರೆ ಅಥವಾ ಇನ್ನೊಬ್ಬರಿಗೆ ವರ್ಗಾಯಿಸಿದರೆ ಅಸಿಂಧು ಎಂದು ಅಚ್ಚಾಗಿರುವುದು ಸಾಮಾನ್ಯ. ನಗದು ಬೆಲೆ ಒಂದು ಸೆಂಟಿನ ನೂರನೇ ಒಂದು ಭಾಗ ಎಂಬ ಸಾಲೂ ಎಷ್ಟೋ ಕೂಪನ್‌ಗಳ ಮೇಲಿರುತ್ತದೆ. ಇದು ಮಾರಾಟಕ್ಕಿರುವುದೇ ಎಂದು ಕೊಳ್ಳುವವರು ಕೇಳಿದರೆ ಮಾರುವವರ ಬಳಿ ಒಂದು ಸಿದ್ಧ ಉತ್ತರ: ನೀವು ಕೊಡುತ್ತಿರುವುದು ಕೂಪನ್ನಿನ ಬೆಲೆಯಲ್ಲ, ಅದನ್ನು ಹುಡುಕಿ ಕತ್ತರಿಸಿದ ನನ್ನ ಶ್ರಮದ ಬೆಲೆ. ಜಾಣ ಮಾರಾಟಗಾರರ ಮಾದರಿ ಉತ್ತರವೆಂದು ಇದನ್ನು ವರ್ಷಗಟ್ಟಲೆ ನಕಲು ಮಾಡಿದವರಿದ್ದಾರೆ. ನನಗೆ ಇದರಲ್ಲಿ ಜಾಣತನ ಕಾಣಿಸುವುದಿಲ್ಲ. ಕೇಳಿದವರು ತಿಳಿಯಬೇಕೆಂದದ್ದು ಅಂಗಡಿಯವರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂಬುದನ್ನು. ಕತ್ತರಿ ಹಿಡಿದ ಶ್ರಮದ ಲೆಕ್ಕ ಅವರಿಗೆ ಬೇಕಿರಲಿಲ್ಲ.

ಪ್ರಶ್ನೆಯೇ ಇಲ್ಲದ ಕೂಪನ್ ಮಾರುಕಟ್ಟೆ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಸಾಕ್ಷಿ ಇದೆ. ವರ್ಜೀನಿಯಾ ಬೀಚಿನ ಮಹಿಳೆಯೊಬ್ಬರು 2017ರಿಂದ 2020ರವರೆಗೆ ಮನೆಯ ಕಂಪ್ಯೂಟರಿನಲ್ಲಿ ನಕಲಿ ಕೂಪನ್ ವಿನ್ಯಾಸ ಮಾಡಿ, ಫೇಸ್‌ಬುಕ್ ಮತ್ತು ಟೆಲಿಗ್ರಾಂ ಗುಂಪುಗಳ ಮೂಲಕ ಮಾರಿದರು. ಅಂಗಡಿಗಳಿಗೂ ತಯಾರಕರಿಗೂ ಆದ ನಷ್ಟ 3.1 ಕೋಟಿ ಡಾಲರ್‌ಗೂ ಹೆಚ್ಚು. 2021ರಲ್ಲಿ ನ್ಯಾಯಾಲಯ ಆಕೆಗೆ 12 ವರ್ಷ ಜೈಲು ವಿಧಿಸಿತು. ಆ ಗುಂಪಿಗೆ ಸೇರಲು ಇದ್ದ ಕಟ್ಟಳೆ ನೋಡಿ: ಒಳಗಿನವರೊಬ್ಬರ ಶಿಫಾರಸು ಬೇಕು, ಕೆಲವೊಮ್ಮೆ ಗುರುತಿನ ಚೀಟಿಯ ಪ್ರತಿ ಕೊಡಬೇಕು, ಹಿಂದೆಯೂ ನಕಲಿ ಕೂಪನ್ ಬಳಸಿದ್ದೀರಿ ಎಂಬುದಕ್ಕೆ ಪುರಾವೆ ತೋರಿಸಬೇಕು. ಅಂದರೆ ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಇದ್ದದ್ದು ಮಾರುವವರಿಗೆ ಮಾತ್ರ. ಕೊಳ್ಳುವವರು ಬಾಯಿ ಮುಚ್ಚಿಕೊಂಡಿರುತ್ತಾರೆ ಎಂಬ ಭರವಸೆಯ ಮೇಲೆಯೇ ಆ ಇಡೀ ದಂಧೆ ನಿಂತಿತ್ತು. ಅದು ಬಯಲಾದದ್ದು ಗಿರಾಕಿಯೊಬ್ಬರು ಬಾಯಿ ಬಿಟ್ಟ ಮೇಲೆ.

ನಮ್ಮಲ್ಲಿ ಹಾಳೆ ಕತ್ತರಿಸುವ ಚಾಳಿ ಅಷ್ಟಾಗಿ ಬೆಳೆಯಲಿಲ್ಲ. ನಮ್ಮ ಕೂಪನ್ನುಗಳು ಬರುವ ದಾರಿಗಳೇ ಬೇರೆ. ದೀಪಾವಳಿಗೆ ಆಫೀಸಿನವರು ಮೇಲ್ ಮಾಡಿದ ವೋಚರ್, ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೊಟ್ಟು ಪಡೆದದ್ದು, ಮದುವೆಗೆ ಉಡುಗೊರೆಯಾಗಿ ಬಂದದ್ದು. ಇವೆಲ್ಲ ನೇರ ದಾರಿಗಳು, ಹೇಳಿಕೊಳ್ಳಲು ಯಾರಿಗೂ ಮುಜುಗರವಿಲ್ಲ. ಇನ್ನೊಂದು ದಾರಿಯೂ ಇದೆ. ಕದ್ದ ಕಾರ್ಡಿನ ವಿವರದಿಂದ ಗಿಫ್ಟ್ ಕೋಡು ಕೊಂಡು, ಕಾರ್ಡಿನ ಯಜಮಾನರು ದೂರು ಕೊಡುವ ಮೊದಲೇ ಅದನ್ನು ಅಗ್ಗಕ್ಕೆ ದಾಟಿಸುವುದು. ದೂರು ದಾಖಲಾದ ಮೇಲೆ ಕಂಪನಿ ಕೋಡನ್ನು ರದ್ದು ಮಾಡುತ್ತದೆ, ಅದನ್ನು ಸೇರಿಸಿಕೊಂಡ ಖಾತೆಯನ್ನೂ ತಡೆಹಿಡಿಯಬಹುದು. ಆಗ ಸಿಕ್ಕಿಬೀಳುವವರು ಅಗ್ಗವೆಂದು ಕೊಂಡವರು. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಕಳವಿನ ಮಾಲನ್ನು ಗೊತ್ತಿದ್ದೂ ಇಟ್ಟುಕೊಳ್ಳುವವರ ಜೊತೆಗೆ, ಅದು ಕಳವಿನದೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವವರನ್ನೂ ಹಿಡಿಯುತ್ತದೆ. ಐದು ಸಾವಿರದ ವೋಚರ್ ಮೂರು ಸಾವಿರಕ್ಕೆ ಬಂದಾಗ ಎಲ್ಲಿಂದ ಬಂತು ಎಂದು ಕೇಳುವ ಹೆಣ್ಣುಮಗಳು ತನ್ನನ್ನು ಕಾಪಾಡಿಕೊಳ್ಳುವ ಕೆಲಸ ಮಾಡುತ್ತಿದ್ದಾಳೆ. ಅವಳನ್ನು ತಲೆತಿನ್ನುವವಳು ಎಂದು ಕರೆಯುವುದು ಅನ್ಯಾಯ.

ಈ ಅನ್ಯಾಯದಿಂದ ಪ್ರಾಮಾಣಿಕವಾಗಿ ಮಾರುವವರಿಗೂ ಪೆಟ್ಟು ಬೀಳುತ್ತದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ಇದನ್ನೇ ತೋರಿಸಿದರು, ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ಎರಡಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡುತ್ತಾರೆ, ಆ ಬೆಲೆಗೆ ಒಳ್ಳೆಯ ಮಾಲಿನವರು ಮಾರಲಾರದೆ ಹಿಂದೆ ಸರಿಯುತ್ತಾರೆ, ಸಂತೆಯಲ್ಲಿ ಕೆಟ್ಟದ್ದೇ ಉಳಿಯುತ್ತದೆ. ಆಫೀಸಿನ ವೋಚರನ್ನು ಮಾರಲು ಕೂತವರು "ಅದೆಲ್ಲ ನಿಮಗ್ಯಾಕೆ ಸರ್" ಎಂದ ಗಳಿಗೆಯಲ್ಲೇ ಕದ್ದ ಕೋಡಿನವರ ಸಾಲಿಗೆ ಹೋಗಿ ನಿಂತಂತಾಯಿತು. ಹೊರಗಿನಿಂದ ನೋಡುವವರಿಗೆ ಇಬ್ಬರ ಮೌನವೂ ಒಂದೇ. ಹತ್ತು ಪರ್ಸೆಂಟ್ ಬಿಟ್ಟರೆ ಹೋಗಬೇಕಾದ ವೋಚರ್ ಇಪ್ಪತ್ತೈದು ಬಿಟ್ಟರೂ ಹೋಗುತ್ತಿಲ್ಲ ಎಂದು ಕೊರಗುವವರು ಗಿರಾಕಿಗಳನ್ನು ಬೈಯುವ ಮೊದಲು ತಮ್ಮ ಜಾಹೀರಾತನ್ನು ಓದಿಕೊಳ್ಳಲಿ.

ಇನ್ನು ಪ್ರಶ್ನೆ ಕೇಳದ ಗಿರಾಕಿ. ಮಾರುವವರು ಹಂಬಲಿಸುವ ಆದರ್ಶ ಗಿರಾಕಿ ಇವನೇ: ಚೌಕಾಶಿಯಿಲ್ಲ, ವಿಚಾರಣೆಯಿಲ್ಲ, ಹೇಳಿದ ಬೆಲೆಗೆ ಒಪ್ಪಿಗೆ. ಹಳೆಯ ಸಾಮಾನು ಮಾರುವ ತಾಣಗಳಲ್ಲಿ ಕ್ಯೂಆರ್ ಕೋಡಿನ ಮೋಸ ನಡೆಯುವುದು ಇಂಥವರಿಂದಲೇ. ಎಷ್ಟೋ ಸಲ ಸೈನ್ಯದಲ್ಲಿದ್ದೇನೆ ಎಂದು ಪರಿಚಯ ಹೇಳಿಕೊಂಡು ಬರುತ್ತಾರೆ, ಮಾಲಿನ ಬಗ್ಗೆ ಒಂದಕ್ಷರ ಕೇಳದೆ "ಹಣ ಕಳಿಸಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯಲು ಅದು ಬೇಡ. ಸುಲಭವಾಗಿ ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಬೇರೆ ಯಾರನ್ನೋ ವಂಚಿಸಿ ತೆಗೆದ ದುಡ್ಡಿನಲ್ಲಿ ನಿಮ್ಮ ವೋಚರ್ ಕೊಂಡರೆ, ವಂಚನೆಗೊಳಗಾದವರು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಾಗ ಹಣದ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಬ್ಯಾಂಕು ಆ ಮೊತ್ತಕ್ಕೆ ತಡೆ ಹಾಕುತ್ತದೆ, ಕೆಲವೊಮ್ಮೆ ಖಾತೆಗೇ. ಹಾಗಾಗಿ ಮಾರುವವರೂ ಒಂದೆರಡು ಪ್ರಶ್ನೆ ಕೇಳಲೇಬೇಕು. ಮಾತಾಡಿದವರ ಹೆಸರೂ ಹಣ ಬಂದ ಖಾತೆಯ ಹೆಸರೂ ಒಂದೇ ತಾನೇ? "ಫ್ರೆಂಡ್ ಕೈಲಿ ಹಾಕಿಸ್ತೀನಿ" ಅಂದರೆ, ಯಾಕೆ? ತಾನು ಕೇಳಬಹುದು, ಎದುರಿನವರು ಕೇಳಬಾರದು ಎಂಬ ನಿಲುವು ನಿಲ್ಲುವುದಿಲ್ಲ.

ಎದುರು ವಾದವೂ ಇದೆ, ಅದು ಹಗುರವಾದದ್ದಲ್ಲ. ಮನೆಯಿಂದ ಇಂಥ ಸಣ್ಣಪುಟ್ಟ ಮಾರಾಟ ಮಾಡುವವರಲ್ಲಿ ಹೆಂಗಸರಿದ್ದಾರೆ. ಅವರಿಗೆ ಬರುವ ಪ್ರಶ್ನೆಗಳು ವೋಚರಿನಲ್ಲಿ ಶುರುವಾಗಿ ಬಹಳ ಬೇಗ ಬೇರೆ ಕಡೆ ಹೊರಳುತ್ತವೆ. ಯಾವ ಏರಿಯಾ, ಯಾವ ಕಂಪನಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಡಿಪಿ ಫೋಟೋ ನಿಮ್ದೇನಾ. ಇದನ್ನು ಅನುಭವಿಸಿದವರು ಎಲ್ಲ ಪ್ರಶ್ನೆಗಳಿಗೂ ಬಾಗಿಲು ಹಾಕಿಕೊಂಡರೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಎಲ್ಲಕ್ಕೂ ಒಟ್ಟಿಗೆ ಬಾಗಿಲು ಹಾಕಬೇಕಾಗಿಲ್ಲ. ವೋಚರಿನ ಬಗ್ಗೆ ಕೇಳಿದ್ದಕ್ಕೆ ಪೂರ್ತಿ ಉತ್ತರ, ಮನುಷ್ಯರ ಬಗ್ಗೆ ಕೇಳಿದ್ದಕ್ಕೆ ಉತ್ತರವೇ ಇಲ್ಲ. "ಆಫೀಸಿನಲ್ಲಿ ದೀಪಾವಳಿಗೆ ಕೊಟ್ಟದ್ದು" ಎಂದರೆ ಸಾಕು, ಯಾವ ಆಫೀಸು ಎಂಬುದು ಬೇಡ. ಬಂದ ಇಮೇಲಿನ ದಿನಾಂಕ, ಮೊತ್ತ, ಬ್ರ್ಯಾಂಡು ಕಾಣುವಂತೆ, ಹೆಸರು, ವಿಳಾಸ, ಕೋಡು, ಪಿನ್ ಪೂರ್ತಿ ಮುಚ್ಚಿ ಒಂದು ಸ್ಕ್ರೀನ್‌ಶಾಟ್ ಕೊಡಬಹುದು. ಮುಚ್ಚುವಾಗ ಫೋನಿನ ಹೈಲೈಟರ್ ಎಳೆದರೆ ಸಾಲದು, ಅದರಡಿಯ ಅಕ್ಷರ ಬೆಳಕು ಹೆಚ್ಚಿಸಿದರೆ ಓದಲು ಬರುತ್ತದೆ. ಆ ಭಾಗವನ್ನು ಕ್ರಾಪ್ ಮಾಡಿ ತೆಗೆಯಬೇಕು. ಆಧಾರ್, ಪ್ಯಾನ್, ಓಟಿಪಿ, ಲಾಗಿನ್ ಕೇಳಿದರೆ ಅಲ್ಲಿಗೇ ಮಾತು ಮುಗಿಯಿತು.

ಉತ್ತರ ಹೇಳಿ ಹೇಳಿ ಸಾಕಾಗುತ್ತದೆ ಎಂಬ ದೂರು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಹೇಗೆ ಬಂತು, ಯಾಕೆ ಬೇಡವಾಯಿತು, ಕೊನೆ ದಿನಾಂಕ, ಅಂಗಡಿಯಲ್ಲೋ ಆನ್‌ಲೈನಿನಲ್ಲೋ, ಒಂದೇ ಸಲ ಪೂರ್ತಿ ಬಳಸಬೇಕೋ. ಇಷ್ಟನ್ನು ಜಾಹೀರಾತಿನಲ್ಲೇ ಬರೆದುಬಿಟ್ಟರೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ. ಅಂಗಡಿ ಇನ್ನೂ ಬಾಗಿಲು ತೆರೆದಿದೆಯೇ ಎಂದು ಕೇಳುವವರನ್ನೂ ಹಂಗಿಸಬೇಡಿ. ಅಮೆರಿಕದ ಬೆಡ್ ಬಾತ್ ಆ್ಯಂಡ್ ಬಿಯಾಂಡ್ ಮಳಿಗೆಯ ಶೇಕಡ 20 ರಿಯಾಯಿತಿಯ ನೀಲಿ ಕೂಪನ್ ಅವಧಿ ಮುಗಿದರೂ ನಡೆಯುತ್ತದೆಂದು ಜನ ಡ್ರಾಯರಿನಲ್ಲಿ ತುಂಬಿಟ್ಟುಕೊಂಡಿದ್ದರು. 2023ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದ ಕೆಲವೇ ದಿನಕ್ಕೆ ಅವನ್ನು ಒಪ್ಪುವುದನ್ನು ನಿಲ್ಲಿಸಿತು.

ಕಾನೂನಿನ ಕಣ್ಣಿನಲ್ಲಿ ವೋಚರ್ ಏನೆಂಬ ಪ್ರಶ್ನೆಗೆ ನಮ್ಮ ಹೈಕೋರ್ಟೇ ಉತ್ತರ ಕೊಟ್ಟಿದೆ. ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ವೋಚರ್ ಸರಕೂ ಅಲ್ಲ, ಸೇವೆಯೂ ಅಲ್ಲ, ಅದರ ಕೊಡುಕೊಳ್ಳುವಿಕೆಗೆ ಜಿಎಸ್‌ಟಿ ಬೀಳದು ಎಂದಿತು. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯೂ ಅದೇ ನಿಲುವಿಗೆ ಬಂತು. ತೆರಿಗೆಯ ಲೆಕ್ಕ ಏನೇ ಇರಲಿ, ಆ ತೀರ್ಪಿನ ಪ್ರಕಾರ ವೋಚರ್ ಹಣದ ಜಾತಿಗೆ ಸೇರಿದ್ದು. ರಿಸರ್ವ್ ಬ್ಯಾಂಕಿನ ನಿಯಮದಲ್ಲೂ ಗಿಫ್ಟ್ ಕಾರ್ಡು ಮುಂಗಡ ಪಾವತಿಯ ಸಾಧನ: ಹತ್ತು ಸಾವಿರ ರೂಪಾಯಿ ಮಿತಿ, ಮತ್ತೆ ತುಂಬುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ. ಗುರುತಿಲ್ಲದವರು ಹಣವನ್ನೇ ಅಗ್ಗಕ್ಕೆ ಮಾರಲು ಬಂದರೆ ಯಾರಾದರೂ ಕೇಳದೆ ಇರುತ್ತಾರೆಯೇ?

ಕೊನೆಗೆ, ಮಾರುವವರು ಉತ್ತರಿಸಲು ಹಿಂಜರಿಯುವ ನಿಜವಾದ ಪ್ರಶ್ನೆ ಒಂದಿದೆ: ಇದನ್ನು ಮಾರಲು ಅನುಮತಿ ಇದೆಯೇ? ಅಮೆಜಾನ್ ಗಿಫ್ಟ್ ಕಾರ್ಡಿನ ಷರತ್ತುಗಳಲ್ಲಿ ಮರುಮಾರಾಟ ಮಾಡುವಂತಿಲ್ಲ ಎಂದು ಸ್ಪಷ್ಟವಾಗಿದೆ. ಬೇರೆ ಬ್ರ್ಯಾಂಡುಗಳಲ್ಲಿ ಒಂದೊಂದು ಥರ, ಓದಿಯೇ ತಿಳಿಯಬೇಕು. ಇಂಥ ಕಾರ್ಡಿನ ಬಗ್ಗೆ ಗಿರಾಕಿ ಕೇಳಿದಾಗ ನೇರ ಉತ್ತರ ಕೊಟ್ಟರೆ ವ್ಯಾಪಾರ ಮುರಿಯುತ್ತದೆ, ಮುರಿಯಲಿ. ಆ ಕಾರ್ಡು ಮಾರಾಟದ ಪಟ್ಟಿಗೆ ಏರಲೇಬಾರದಿತ್ತು. ದುಡ್ಡು ಕಳೆದುಕೊಳ್ಳಬೇಕಾಗಿಲ್ಲ. ಮುಂದಿನ ತಿಂಗಳು ಮನೆಗೆ ಹೇಗೂ ತರಬೇಕಾದ ಅಕ್ಕಿ, ಎಣ್ಣೆ, ಮಕ್ಕಳ ನೋಟ್‌ಬುಕ್ಕನ್ನು ಆ ಕಾರ್ಡಿನಲ್ಲೇ ತಂದರೆ ಹತ್ತು ರೂಪಾಯಿಯೂ ಬಿಡದೆ ಪೂರ್ತಿ ಬೆಲೆ ಬಂದಂತಾಯಿತು. ಬೇಡವಾದರೆ ತಂಗಿಗೋ, ಭಾವನಿಗೋ, ಕೆಲಸಕ್ಕೆ ಬರುವ ಅಕ್ಕನ ಮಗಳಿಗೋ ಕೊಟ್ಟುಬಿಡಬಹುದು. ಗಿಫ್ಟ್ ಕಾರ್ಡನ್ನು ಮಾಡಿರುವುದು ಅದಕ್ಕೇ.