ಕಂಬಾರರನ್ನು ಇಬ್ಬರು ಕೂತು ಓದಿ

ಚಂದ್ರಶೇಖರ ಕಂಬಾರರ ನಾಟಕಗಳನ್ನು ರಂಗದ ಮೇಲೆ ಕಂಡವರು ಬಹಳ ಮಂದಿ. ಮನೆಯಲ್ಲಿ ದನಿಯೆತ್ತಿ ಓದಿದವರು ನನಗೆ ಸಿಕ್ಕಿದ್ದು ಕಡಿಮೆ. ಬೆಲ್ಲದ ಬಾಗೇವಾಡಿಯಲ್ಲಿದ್ದುಕೊಂಡು ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಿದೆ. 1937ರಲ್ಲಿ ಅವರು ಹುಟ್ಟಿದ ಘೋಡಗೇರಿ ನಮ್ಮ ಹುಕ್ಕೇರಿ ತಾಲ್ಲೂಕಿನ ಊರೇ. 2010ರ ಜ್ಞಾನಪೀಠಕ್ಕೆ ಆರಿಸಿಬಂದ ಆ ಸಾಹಿತ್ಯದಲ್ಲಿರುವುದು ನಮ್ಮ ಅವ್ವಂದಿರು ಆಡಿದ ಮಾತು.

ಈ ಸೀಮೆಯ ಬಯಲಾಟಗಳಲ್ಲಿ ಯಾರೂ ಒಬ್ಬರೇ ಮಾತಾಡುವುದಿಲ್ಲ. ಕುಲಗೋಡ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಭಾಗವತ ಕೇಳುತ್ತಾನೆ, ದೂತಿ ತಿರುಗಿ ಕೇಳುತ್ತಾಳೆ, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಆ ಪಾರಿಜಾತ ಆಡಿ ಹೆಸರಾದ ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಗೋಕಾಕ ಕಡೆಯ ಹಿರಿಯರ ಮುಖ ಇವತ್ತಿಗೂ ಅರಳುತ್ತದೆ. ಕಂಬಾರರು ಈ ಕಟ್ಟನ್ನೇ ಹೊಸ ನಾಟಕಕ್ಕೆ ತಂದರು. ಎದುರಿಗೆ ಇನ್ನೊಂದು ದನಿ ಇಲ್ಲದಿದ್ದರೆ ಅವರ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಸುಮ್ಮನೆ ಕಣ್ಣಾಡಿಸಿ ಓದುವವರಿಗೆ ಅದು ದಕ್ಕದಿರುವುದು ಈ ಕಾರಣಕ್ಕೇ.

‘ಜೋಕುಮಾರಸ್ವಾಮಿ’ಯನ್ನು ನಾನೂ ನನ್ನ ಹೆಂಡತಿಯೂ ಪಾತ್ರ ಹಂಚಿಕೊಂಡು ಓದಿದೆವು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಆಡಿಸಿದ ನಾಟಕ ಅದು. ಗೌಡನಿಂದ ಮಕ್ಕಳಾಗದ ಗೌಡತಿ, ಗೌಡನಿಗೆ ತಲೆಬಾಗದೆ ಹೊಲ ಉಳುವ ಬಸಣ್ಣ, ಮಕ್ಕಳಾಗಲೆಂದು ಗೌಡತಿ ಗೌಡನಿಗೆ ಮಾಡಿದ, ಆದರೆ ಬಸಣ್ಣ ಉಂಡ ಪಡವಲಕಾಯಿ ಪಲ್ಯ. ಗೌಡತಿಯ ಮಾತು ಓದುತ್ತಿದ್ದ ಹೆಂಡತಿ ನಡುವೆ ನಿಂತಳು. “ನಮ್ಮ ಚಿಗವ್ವ ಜೋಕುಮಾರನ ಬುಟ್ಟಿ ಬಾಗಲಕ್ಕ ಬಂದ್ರ ಒಳಗ ಹೋಗಿ ಕೂಡತಿದ್ಲು ರೀ,” ಎಂದಳು. ಭಾದ್ರಪದದಲ್ಲಿ ಬೇವಿನ ಸೊಪ್ಪಿನ ನಡುವೆ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಆ ದೇವರು ಮನೆಮನೆಗೆ ಬರುತ್ತಾನೆ. ಹೆಂಗಸರು ಹಾಡಿ ಜೋಳ ಪಡೆಯುತ್ತಾರೆ. ಮಕ್ಕಳಾಗದವರು ಬೇಡಿಕೊಳ್ಳುವ ದೇವರು. ಬೇಡಿ ಬೇಡಿ ಸೋತವಳು ಎಲ್ಲಿ ಹೋಗಬೇಕು? ಇಷ್ಟು ವರ್ಷದ ಸಂಸಾರದಲ್ಲಿ ಆ ಚಿಗವ್ವನ ಸುದ್ದಿ ನಮ್ಮ ನಡುವೆ ಒಮ್ಮೆಯೂ ಬಂದಿರಲಿಲ್ಲ. ಅವತ್ತು ಪುಸ್ತಕ ಮಗುಚಿಟ್ಟು ಬಹಳ ಹೊತ್ತು ಆಕೆಯ ಬಗ್ಗೆಯೇ ಮಾತಾಡಿದೆವು.

ಓದಿ ಮುಗಿದ ಮೇಲೆ ಜಗಳವೂ ಆಯಿತು. ಉಳುವವನ ಹಕ್ಕಿಗಾಗಿ ಸತ್ತ ಬಸಣ್ಣನದೇ ಈ ನಾಟಕ ಎಂದು ನಾನು. “ಸತ್ತಾಂವ ಸತ್ತ, ಬಸಿರ ಹೊತ್ತು ಬಾಳೇ ಮಾಡಾಕಿ ಯಾರು?” ಎಂದು ಆಕೆ. ಈಗ ನನಗೆ ಆಕೆಯ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಗೌಡತಿಯ ಒಡಲನ್ನೂ ಗೌಡನ ಭೂಮಿಯನ್ನೂ ಕಂಬಾರರು ಒಂದೇ ಪ್ರಶ್ನೆಯಾಗಿ ಹೆಣೆದಿದ್ದಾರೆ; ಒಂದು ಎಳೆ ನನ್ನ ಕೈಗೆ ಸಿಕ್ಕಿತ್ತು, ಇನ್ನೊಂದು ಆಕೆಯ ಕೈಗೆ.

ನಮ್ಮ ಕಡೆ ಗಂಡ ಹೆಂಡತಿ ಬೀಜ, ಗೊಬ್ಬರ, ಕಬ್ಬಿನ ಬಿಲ್ಲು, ಮಕ್ಕಳ ಫೀ ಎಲ್ಲವನ್ನೂ ಮಾತಾಡುತ್ತಾರೆ. ಆಸೆ, ಬಯಕೆ, ಒಳಗಿನ ನೋವು ಬಾಯಿಗೆ ಬರುವುದು ಕಷ್ಟ. ಪಾತ್ರದ ಬಾಯಿಂದ ಅವು ಸಲೀಸಾಗಿ ಬರುತ್ತವೆ. ನಮ್ಮ ಕಾಲದ ಬರಹಗಾರರೊಬ್ಬರು, ಅದೂ ಪಕ್ಕದ ಊರಿನವರು, ನಮ್ಮದೇ ಮಾತಿನಲ್ಲಿ ಇದನ್ನು ಕೊಟ್ಟಿದ್ದಾರೆ.

ಬರುವ ಜೋಕುಮಾರನ ಹುಣ್ಣಿಮೆಯೊಳಗೆ ಈ ನಾಟಕವನ್ನು ಮನೆಗೆ ತನ್ನಿ. ಗಂಡ ಹೆಂಡತಿಯಾಗಲಿ, ಗೆಳೆಯರಾಗಲಿ, ಅತ್ತೆ ಸೊಸೆಯಾಗಲಿ, ಒಬ್ಬರು ಸೂತ್ರಧಾರ, ಒಬ್ಬರು ಹಿಮ್ಮೇಳ. ದನಿಯೆತ್ತಿ ಓದಿ.