ಪಾತ್ರದ ಕಟ್ಟು, ಆಟಗಾರನ ಸ್ವಾತಂತ್ರ್ಯ

೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇವರು ಅಮೆರಿಕೆಯಲ್ಲಿ ರಚಿಸಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಗೆಳೆಯರು ಕೂಡಿ ಮಾತಿನಿಂದಲೇ ಕಥೆ ಕಟ್ಟುವ ಆಟ. ಅದರಲ್ಲಿ ಮೊದಲು ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗಗಳಿದ್ದವು. ಮಾಂತ್ರಿಕನಿಗೆ ಕಠಾರಿಯೊಂದೇ ಆಯುಧ; ಪುರೋಹಿತನಿಗೆ ಅಲಗುಳ್ಳ ಆಯುಧವು ನಿಷಿದ್ಧ. ೧೯೭೮ರ ‘ರೂನ್‌ಕ್ವೆಸ್ಟ್’ ಆದರೋ ವರ್ಗಗಳನ್ನೇ ತೊರೆದು, ಕತ್ತಿವರಸೆ ಮಂತ್ರಗಳೆರಡನ್ನೂ ಒಬ್ಬನೇ ಕಲಿಯಗೊಟ್ಟಿತು.

ಎರಡನೆಯದೇ ಹೆಚ್ಚು ಸ್ವತಂತ್ರವೆಂಬುದು ಮೇಲ್ನೋಟದ ಮಾತು. ಎಲ್ಲವನ್ನೂ ಬಲ್ಲವನಿಗೆ ಜೊತೆಗಾರನ ಹಂಗಿಲ್ಲ; ಖಡ್ಗವಿಲ್ಲದ ಮಾಂತ್ರಿಕನು ಯೋಧನನ್ನು ನೆಚ್ಚಿಯೇ ನಡೆಯಬೇಕು. ಆ ಕೊರತೆಯಿಂದಲೇ ಕಥೆಯು ಹುಟ್ಟುತ್ತದೆ. ಆದರೆ ವರ್ಗವು ಪಾತ್ರದ ಕೈಯನ್ನು ಕಟ್ಟಬಹುದಲ್ಲದೆ ಮನಸ್ಸನ್ನು ಕಟ್ಟಬಾರದು. ಯೋಧನು ಅಂಜುವನೋ ಕ್ಷಮಿಸುವನೋ ಎಂಬುದನ್ನೂ ನಿಯಮವೇ ಹೇಳತೊಡಗಿದರೆ, ಆಟಗಾರನಿಗೆ ಉಳಿಯುವುದು ದಾಳವನ್ನು ಉರುಳಿಸುವ ಕೆಲಸವೊಂದೇ.