ಕಾಲ್ಚೆಂಡಾಟದ ಮೂಲಕ ಲೋಕಪರಿಚಯ: ಒಂದು ವಿಮರ್ಶೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಂತರರಾಷ್ಟ್ರೀಯ ಕಾಲ್ಚೆಂಡಾಟದ ಮೂಲಕ ಹೊರಲೋಕದ ಪರಿಚಯ ಮಾಡಿಕೊಡುವ ಕ್ರಮವೊಂದುಂಟು. 2022ರ ವಿಶ್ವಕಪ್ ಸ್ಪರ್ಧೆಯ ಕಾಲದಲ್ಲಿ ಮೈಸೂರಿನ ವಿದ್ಯಾರಣ್ಯಪುರಂ ಬಡಾವಣೆಯ ಒಂದು ಶಾಲೆಯಲ್ಲಿ ಇಂಥದೊಂದು ಪಾಠವನ್ನು ನಾವು ಕುಳಿತು ನೋಡಿದೆವು. ಗೋಡೆಯ ಮೇಲೆ 32 ತಂಡಗಳ ಧ್ವಜಗಳ ಪಟ. ಪ್ರತಿಯೊಂದರ ಕೆಳಗೆ ದೇಶದ ಹೆಸರು, ರಾಜಧಾನಿ, ಭಾಷೆ. ಮಕ್ಕಳು ಅವನ್ನೆಲ್ಲ ಉತ್ಸಾಹದಿಂದ ಒಪ್ಪಿಸಿದರು. ಕೊನೆಯಲ್ಲಿ ಒಬ್ಬ ಬಾಲಕಿ ಎದ್ದು, “ಪೋರ್ಚುಗಲ್‌ನ ಭಾಷೆ ಬ್ರೆಜಿಲ್‌ಗೆ ಹೇಗೆ ಹೋಯಿತು, ಮಿಸ್?” ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆದುದರಿಂದ ಪ್ರಶ್ನೆ ಅಲ್ಲಿಗೇ ನಿಂತಿತು. ಆ ಪ್ರಶ್ನೆಯೇ ಈ ವಿಮರ್ಶೆಗೆ ಕಾರಣ.

ಈ ಕ್ರಮಕ್ಕೆ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. ಭೂಪಟವನ್ನು ಕಂಡರೆ ಆಕಳಿಸುವ ಹುಡುಗನೂ ಮೆಸ್ಸಿಯ ದೇಶ ಎಲ್ಲಿದೆಯೆಂದು ತಾನಾಗಿಯೇ ಹುಡುಕುತ್ತಾನೆ. ಆಸಕ್ತಿಯನ್ನು ಹುಟ್ಟಿಸುವುದು ಅಧ್ಯಾಪನದ ಅರ್ಧ ಕೆಲಸ. ಅದನ್ನು ಆಟವು ನಿರಾಯಾಸವಾಗಿ ಮಾಡಿಕೊಡುತ್ತದೆ. ಉಳಿದ ಅರ್ಧವನ್ನೂ ಅದೇ ಮಾಡೀತೆಂದು ನಂಬುವುದು ಮಾತ್ರ ತಪ್ಪು.

ಮೊದಲನೆಯದಾಗಿ, ಕಾಲ್ಚೆಂಡಿನ ಭೂಪಟವು ಲೋಕದ ಭೂಪಟವಲ್ಲ. 2022ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಎರಡು ತಂಡಗಳಾಗಿ ಒಂದೇ ಗುಂಪಿನಲ್ಲಿ ಆಡಿದವು. ವಿಶ್ವಸಂಸ್ಥೆಯಲ್ಲಾದರೋ ಅವುಗಳಿಗೆ ಪ್ರತ್ಯೇಕ ಸ್ಥಾನವಿಲ್ಲ, ಯುನೈಟೆಡ್ ಕಿಂಗ್‌ಡಂ ಒಂದೇ ಸದಸ್ಯ. ಮೇಲಾಗಿ, ಭಾರತವಾಗಲಿ ಚೀನವಾಗಲಿ ಆ ಪಟದಲ್ಲಿರಲಿಲ್ಲ. ಮಾನವಕುಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಈ ಎರಡು ದೇಶಗಳಲ್ಲಿಯೇ ಇದ್ದಾರೆ. 2026ರ ಸ್ಪರ್ಧೆಗೆ ತಂಡಗಳ ಸಂಖ್ಯೆಯನ್ನು 48ಕ್ಕೆ ಏರಿಸಿದಾಗಲೂ ಇವೆರಡೂ ಅರ್ಹತೆ ಪಡೆಯಲಿಲ್ಲ. ತನ್ನ ದೇಶವೇ ಇಲ್ಲದ ಪಟದಿಂದ ಲೋಕವನ್ನು ಕಲಿಯುವ ಮಗು, ಲೋಕವೆಂಬುದು ಬೇರೆಲ್ಲೋ ನಡೆಯುವ ಸಂಗತಿಯೆಂದು ತಿಳಿಯುವ ಅಪಾಯವಿದೆ.

ಎರಡನೆಯದಾಗಿ, ಈ ಪಾಠವು ಹೆಸರುಗಳನ್ನು ಕಲಿಸುತ್ತದೆ, ಸಂಬಂಧಗಳನ್ನು ಕಲಿಸುವುದಿಲ್ಲ. ಆ ಬಾಲಕಿಯ ಪ್ರಶ್ನೆಗೆ ಉತ್ತರ ಅವಳ ಬಡಾವಣೆಯ ಹೆಸರಿನಿಂದಲೇ ಆರಂಭವಾಗಬಹುದಿತ್ತು. ಸಂಪ್ರದಾಯವು ವಿಜಯನಗರದ ಸ್ಥಾಪನೆಯೊಡನೆ ಜೋಡಿಸಿರುವ ವಿದ್ಯಾರಣ್ಯರ ಹೆಸರು ಅದು. ಆ ಸಾಮ್ರಾಜ್ಯಕ್ಕೆ ಅರೇಬಿಯ ಮತ್ತು ಹೊರ್ಮುಜ್‌ಗಳಿಂದ ಕುದುರೆಗಳು ಬರುತ್ತಿದ್ದುವು. ಹದಿನಾರನೆಯ ಶತಮಾನದಲ್ಲಿ ಆ ವ್ಯಾಪಾರ ಪೋರ್ಚುಗೀಸರ ಹತೋಟಿಗೆ ಬಂದಿತು. 1520ರ ಸುಮಾರಿಗೆ ವಿಜಯನಗರವನ್ನು ಕಂಡು ವರ್ಣಿಸಿದ ಡೊಮಿಂಗೋ ಪಾಯೆಸ್ ಪೋರ್ಚುಗಲ್‌ನವನು. ಇದಕ್ಕೂ ಮೊದಲು, 1500ರ ಮಾರ್ಚಿಯಲ್ಲಿ ಲಿಸ್ಬನ್ನಿನಿಂದ ಭಾರತಕ್ಕೆಂದು ಹೊರಟ ಕಬ್ರಾಲನ ನೌಕಾಪಡೆ ಏಪ್ರಿಲ್‌ನಲ್ಲಿ ಬ್ರೆಜಿಲ್ ತೀರವನ್ನು ಮುಟ್ಟಿ, ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದಿತು. ಬ್ರೆಜಿಲ್‌ಗೆ ಆ ಭಾಷೆಯ ದಾರಿಯನ್ನು ತೆರೆದ ಯಾನವೇ ನಮ್ಮ ಕರಾವಳಿಗೂ ಬಂದ ಯಾನ. ದಕ್ಷಿಣ ಅಮೆರಿಕದ ಗೋಡಂಬಿ, ಅನಾನಸುಗಳು ಪೋರ್ಚುಗೀಸರ ಹಡಗುಗಳಲ್ಲಿಯೇ ನಮ್ಮಲ್ಲಿಗೆ ಬಂದುವು. ಅಮೆರಿಕ ಖಂಡದಿಂದಲೇ ಬಂದ ಇನ್ನೊಂದು ಹಣ್ಣನ್ನು ಮೈಸೂರಿನ ಮಕ್ಕಳು ಇಂದಿಗೂ ‘ಪರಂಗಿ ಹಣ್ಣು’ ಎನ್ನುತ್ತಾರೆ, ಪರಂಗಿಯೆಂದರೆ ಯೂರೋಪಿನವನು. ಇಷ್ಟನ್ನು ಹೇಳಲು ಕಾಲು ಗಂಟೆ ಸಾಕು.

ಮೂರನೆಯದು ಇತಿಹಾಸದ ಅಧ್ಯಾಪಕರಾದ ನಮ್ಮನ್ನು ವಿಶೇಷವಾಗಿ ತಟ್ಟುವ ದೋಷ: ಕಥೆಯನ್ನು ಇತಿಹಾಸವೆಂದು ಕಲಿಸುವುದು. ಬರಿಗಾಲಿನಲ್ಲಿ ಆಡಲು ಬಿಡದೆ ಇದ್ದುದರಿಂದ ಭಾರತವು 1950ರ ವಿಶ್ವಕಪ್ಪಿಗೆ ಹೋಗಲಿಲ್ಲವೆಂದು ಆ ಪಾಠದಲ್ಲಿಯೂ ಹೇಳಲಾಯಿತು. ಆಗ ಭಾರತದ ಕಾಲ್ಚೆಂಡಾಟದ ಒಕ್ಕೂಟವು ಕೊಟ್ಟ ಕಾರಣಗಳು ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಾಲದ ಕಾಲ. ಆ ದಿನಗಳಲ್ಲಿ ಅದು ವಿಶ್ವಕಪ್ಪಿಗಿಂತ ಒಲಿಂಪಿಕ್ಸನ್ನೇ ದೊಡ್ಡದೆಂದು ಎಣಿಸಿತ್ತು. ಬರಿಗಾಲಿನ ಕಥೆ ಸ್ವಾಭಿಮಾನಕ್ಕೆ ಹಿತವಾಗಿರಬಹುದು; ಹಿತವಾದುದೆಲ್ಲ ಸತ್ಯವಲ್ಲವೆಂಬುದನ್ನು ಮಕ್ಕಳು ಚಿಕ್ಕಂದಿನಲ್ಲಿಯೇ ಅರಿಯುವುದು ಮೇಲು.

ಅಂಥ ಕಥೆಯ ಆವಶ್ಯಕತೆಯೂ ಇಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತ 1–2ರಲ್ಲಿ ಸೋತಾಗ, ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅಂದು ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದ್ದರು. 1956ರಲ್ಲಿ ಮೆಲ್ಬರ್ನಿನ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ನಮ್ಮ ನಾಡಿನ ಕೆಂಪಯ್ಯನವರಿದ್ದರು. ಅಲ್ಲಿ ನಮ್ಮನ್ನು ಸೋಲಿಸಿದ ಯುಗೊಸ್ಲಾವಿಯ ಇಂದಿನ ಭೂಪಟದಲ್ಲಿಲ್ಲ. 1968–69ರಲ್ಲಿ ‘ಮೈಸೂರು’ ಎಂಬ ಹೆಸರಿನಿಂದ ಸಂತೋಷ್ ಟ್ರೋಫಿಯನ್ನು ಗೆದ್ದ ರಾಜ್ಯವು ಮತ್ತೆ ಅದನ್ನು ಗೆದ್ದುದು ‘ಕರ್ನಾಟಕ’ ಎಂಬ ಹೆಸರಿನಿಂದ, 2023ರ ಮಾರ್ಚಿಯಲ್ಲಿ, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ. ದೇಶವೊಂದು ಇಲ್ಲವಾಗುವುದು, ನಾಡಿನ ಹೆಸರು ಬದಲಾಗುವುದು, ನಮ್ಮ ಪಂದ್ಯ ಕಡಲಾಚೆ ನಡೆಯುವುದು — ಇವುಗಳಲ್ಲಿ ಒಂದೊಂದೂ ಒಂದೊಂದು ಪಾಠಕ್ಕೆ ಸಾಕು.

ಇಷ್ಟು ಇತಿಹಾಸ ಎಳೆಯ ಮಕ್ಕಳಿಗೆ ಭಾರವಾದೀತೆಂದು ಆಕ್ಷೇಪಿಸಬಹುದು. 32 ರಾಜಧಾನಿಗಳನ್ನು ಹೊರುವ ನೆನಪಿಗೆ ಒಂದು ‘ಹೇಗೆ’ ಭಾರವಾಗಲಾರದು. ಅದನ್ನು ಕೇಳಿದವಳು ಆ ತರಗತಿಯ ಮಗುವೇ ಹೊರತು ನಾವಲ್ಲ. ಆದುದರಿಂದ ನಮ್ಮ ಸೂಚನೆ ಇಷ್ಟೇ: ಧ್ವಜಗಳ ಪಟ ಗೋಡೆಯ ಮೇಲಿರಲಿ, ಪ್ರತಿ ಪಾಠದಲ್ಲಿಯೂ ಒಂದೇ ಪಂದ್ಯವನ್ನು ಆರಿಸಿಕೊಂಡು, ಮಕ್ಕಳ ಊರಿನಿಂದ ಆ ದೇಶಗಳಿಗೆ ಹೋಗುವ ಒಂದು ದಾರಿಯನ್ನಾದರೂ ತೋರಿಸಲಿ. ಗಂಟೆ ಹೊಡೆದಾಗ ಉಳಿದ ಪ್ರಶ್ನೆಯಿಂದ ಮರುದಿನದ ಪಾಠ ಆರಂಭವಾಗಲಿ.